ದಡಕ್ಕೇ ಬಂದಿದ್ದ ಮೀನು

ನನಗಾಗ ಹನ್ನೆರಡು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಶೆಟಗೇರಿಯಲ್ಲಿ ಪಕ್ಕದ ಮನೆಯ ಅಜ್ಜ ದಿನವೂ ಹೊಳೆಗೆ ಗಾಳ ಹಾಕುತ್ತಿದ್ದ. ತಪ್ಪಿಸಿಕೊಂಡ ಮೀನನ್ನು ಕೈಮೇಲೆ ಅಳೆದು ತೋರಿಸುತ್ತಿದ್ದ. ನಮ್ಮ ಅಂಗಳದಲ್ಲಿ ಮೊಣಕೈವರೆಗಿದ್ದದ್ದು ಅವನ ಮನೆ ಮುಟ್ಟುವಾಗ ಹೆಗಲಿಗೇರುತ್ತಿತ್ತು. "ದಡಕ್ಕೇ ಬಂದಿತ್ತೇ ಮಾರಾಯ್ತಿ" ಎನ್ನುತ್ತಿದ್ದ. ತಪ್ಪು ಮಾತ್ರ ಯಾವಾಗಲೂ ಬೇರೆಯವರದು.

ಒಂದು ದಿನ ಅರ್ಧ ಮೀನು ನಿಮಗೇ ಎಂದು ಹೇಳಿ ಹೋದ. ನಾನು ನಂಬಿ ಮಸಾಲೆ ಅರೆಯಲು ಕುಳಿತೆ. ಬರಿಗೈಲಿ ಬಂದವನು ಒರಳು ನೋಡಿ ಕೂಗಿದ: "ಮೀನು ನೀರಲ್ಲಿರುವಾಗ್ಲೇ ಮಸಾಲೆ ಅರೆದ್ಯೇನೆ? ಅದ್ಕೇ ದಾರ ಹರೀತು!" ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಮರುದಿನ ಬೆಳಿಗ್ಗೆ ನಮ್ಮ ಒರಳಿನ ಗುಂಡುಕಲ್ಲನ್ನು ಅಪ್ಪಿಕೊಂಡು ಹೋಗಿ ಅವನ ಜಗಲಿಯ ಮೇಲಿಟ್ಟೆ. "ಇಕಾ ಅಜ್ಜ, ಇವತ್ತು ತಪ್ಪಿದ್ರೆ ಯಾರ್ನ ಬೈತೆ ನೋಡ್ವ" ಎಂದೆ.