ಮಂಟಯ್ಯನವರ ತೆಳು ತಂತಿ

ಮಂಡಿ ಮೊಹಲ್ಲಾದಲ್ಲಿ ಗಿಟಾರ್ ತಂತಿ ಮಾರುವ ಮಂಟಯ್ಯನವರ ಅಂಗಡಿಗೆ ಹೋಗುವವರು ಬೈಸಿಕೊಳ್ಳಲು ತಯಾರಾಗಿಯೇ ಹೋಗಬೇಕು. "ಯಾವುದಾದ್ರೂ ಒಂದು ಸೆಟ್ ಕೊಡಿ" ಅಂದವರಿಗೆ ಅವರು ತಂತಿಯನ್ನೇ ಕೊಡುವುದಿಲ್ಲ. "ಯಾವುದಾದ್ರೂ ಅನ್ನೋಕೆ ಇದೇನು ಬಟ್ಟೆ ಒಣಗಾಕೋ ತಂತಿಯಾ?" ಎಂದು ಮುಖ ತಿರುಗಿಸುತ್ತಾರೆ. ನೈಲಾನ್ ತಂತಿಯ ಗಿಟಾರಿಗೆ ಉಕ್ಕಿನ ತಂತಿ ಕೇಳಿದವರಿಗಂತೂ, "ಎಳೆತಕ್ಕೆ ತಂತಿ ಕಟ್ಟೋ ಬ್ರಿಡ್ಜೇ ಕಿತ್ಕೊಂಡು ಬತ್ತದೆ, ಆಮೇಲೆ ಗಿಟಾರ್‌ನ ಒಲೆಗೆ ಹಾಕ್ಕೊಳಿ" ಎಂದು ಬೀದಿಗೆಲ್ಲ ಕೇಳಿಸುವಂತೆ ಗದರುತ್ತಾರೆ. ದಪ್ಪ ತಂತಿಗೆ ದನಿ ಹೆಚ್ಚೆಂದು ಮೊಬೈಲಿನಲ್ಲಿ ಓದಿಕೊಂಡು ಬಂದವರನ್ನು ಕಂಡರೆ ಅವರ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಕುವೆಂಪುನಗರದ ಸುದರ್ಶನ ಎಂಬುವವರು ಪುಟ್ಟ ಮಗಳನ್ನು ಸ್ಕೂಟರಿನಲ್ಲಿ ಕರೆತಂದು ಆ ದಪ್ಪ ಸೆಟ್ಟನ್ನೇ ಕೇಳಿದರು. ಮಂಟಯ್ಯನವರು ಅಪ್ಪನ ಕಡೆ ನೋಡಲೇ ಇಲ್ಲ. "ತಂತಿ ಒತ್ತೋ ಎಡಗೈ ತೋರ್ಸವ್ವ" ಎಂದು ಹುಡುಗಿಯ ಬೆರಳ ತುದಿ ಒತ್ತಿ ನೋಡಿ, ಎಲ್ಲಕ್ಕಿಂತ ತೆಳ್ಳನೆಯ ಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದರು. "ಸೌಂಡು ಬರ್ಬೇಡ್ವೇನ್ರೀ?" ಎಂದರು ಸುದರ್ಶನ. "ಬೆರಳಲ್ಲಿ ರಕ್ತ ಬಂದ್ರೆ ಸೌಂಡು ಎಲ್ಲಿಂದ ಬತ್ತದೆ ಕಣ್ರೀ?" ಎಂದು ಮಂಟಯ್ಯನವರು ಸಿಡಿದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ಪುಟ್ಟ ಗಿಟಾರು ತೂಗುತ್ತದೆ, ಅದು ಮಾರಾಟಕ್ಕಲ್ಲ. ತಮ್ಮ ಮಗಳು ಗೌತಮಿಗೆ ಒಂಬತ್ತು ವರ್ಷವಿದ್ದಾಗ, ದನಿ ಮನೆ ತುಂಬಲಿ ಎಂದು ಅವರೇ ಅದಕ್ಕೆ ದಪ್ಪ ತಂತಿ ಬಿಗಿದು ಕೊಟ್ಟಿದ್ದರು. ಬೆರಳು ಉರೀತದೆ ಅಪ್ಪ ಎಂದು ಅವಳು ಅತ್ತಾಗ, ಸುಮ್ನೆ ಬಾರ್ಸು ಎಂದು ಗದರಿದ್ದರು. ಅವತ್ತು ಗಿಟಾರು ಕೆಳಗಿಟ್ಟವಳು ಮತ್ತೆ ಅದನ್ನು ಮುಟ್ಟಲಿಲ್ಲ. ಮುಟ್ಟುವವರಿಲ್ಲದೆ ತುಕ್ಕು ಹಿಡಿದಾಗಲೆಲ್ಲ ಮಂಟಯ್ಯನವರು ಅದರ ತಂತಿ ಬದಲಿಸುತ್ತಾರೆ. ಈಗ ಹಾಕುವುದು ತೆಳ್ಳನೆಯ ಸೆಟ್ಟನ್ನೇ.