ಕಲ್ಲಕ್ಕನ ಆಕ್ಷೇಪಣೆ

ನಮ್ಮ ಪೇಟೆಂಟ್ ಕಚೇರಿಯ ಮೂರನೇ ಮಹಡಿಯಲ್ಲಿ ಕೂರುವ ಕಲ್ಲಕ್ಕನಿಗೆ ಆ ಹೆಸರಿಟ್ಟವಳು ನಾನೇ. ಉಳಿದವರೆಲ್ಲ ಮೇಡಂ ಎನ್ನುತ್ತಾರೆ, ನನ್ನದು ಮಾತ್ರ ಏಕವಚನ. ಇಪ್ಪತ್ತಾರು ವರ್ಷದಿಂದ ಅವಳ ಮೇಜಿಗೆ ಬರುವುದೆಲ್ಲ ಬರೀ ಕಲ್ಲಿನ ಅರ್ಜಿಗಳು. ಕೊಳವೆಬಾವಿಯೊಳಗೆ ಉಪಕರಣ ಇಳಿಸಿ, ಕೆಳಗಿರುವುದು ಜೇಡಿಯೋ ಮರಳುಗಲ್ಲೋ ಸುಣ್ಣದ ಕಲ್ಲೋ ಎಂದು ಮೇಲೆ ನಿಂತೇ ಹೇಳುವ ಹೊಸ ವಿಧಾನ ಕಂಡುಹಿಡಿದಿದ್ದೇವೆ ಎನ್ನುವವರೆಲ್ಲ ಇವಳ ಮೇಜಿಗೇ ಬರಬೇಕು. ಅದು ನಿಜಕ್ಕೂ ಹೊಸದೋ, ಯಾರೋ ಎಂದೋ ಮಾಡಿಟ್ಟದ್ದೋ ಎಂದು ಹಳೆಯ ದಾಖಲೆಗಳನ್ನು ಜಾಲಾಡಿ ಹೇಳುವುದು ಅವಳ ಕೆಲಸ. ತಮಾಷೆಯೆಂದರೆ ಕಲ್ಲಕ್ಕ ಇವತ್ತಿನವರೆಗೆ ಒಂದು ಕೊಳವೆಬಾವಿಯ ಹತ್ತಿರವೂ ನಿಂತವಳಲ್ಲ. ಧೂಳು ಕಂಡರೆ ಅವಳಿಗೆ ಸೀನು ಬರುತ್ತದೆ.

ನಾನು ಕೆಳಗೆ ಟಪಾಲು ವಿಭಾಗದವಳು. ಬಂದದ್ದಕ್ಕೆಲ್ಲ ತಾರೀಖಿನ ಮೊಹರು ಒತ್ತಿ, ಯಾರದು ಅವರಿಗೆ ತಲುಪಿಸುವವಳು. ಹತ್ತೊಂಬತ್ತು ವರ್ಷದಲ್ಲಿ ಒಂದು ಕಾಗದ ಕಳೆದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ, ಆ ಜಂಬ ಈಗ ಸ್ವಲ್ಪ ಇಳಿದಿದೆ.

ಬಾವಿಗೆ ಇಳಿಸುವ ಉದ್ದನೆಯ ಸಲಾಕೆಯಂಥ ಉಪಕರಣದಲ್ಲಿ ಮೂರು ಕಣ್ಣುಗಳಿರುತ್ತವಂತೆ. ಕಲ್ಲಿನಿಂದ ತಾನಾಗಿ ಹೊರಡುವ ವಿಕಿರಣವನ್ನು ಒಂದು ಅಳೆಯುತ್ತದೆ, ಇನ್ನೊಂದು ಅದರ ಸಾಂದ್ರತೆಯನ್ನು, ಮತ್ತೊಂದು ಅದರೊಳಗೆ ಶಬ್ದ ಓಡುವ ವೇಗವನ್ನು. ತಂತಿ ಕಟ್ಟಿ ಮೇಲೆಳೆಯುತ್ತ ಬಂದ ಹಾಗೆ ಮೂರು ಗೆರೆಗಳು ಮೂಡುತ್ತವೆ, ಮೂರನ್ನೂ ಸೇರಿಸಿ ಓದಿದರೆ ಎಷ್ಟು ಆಳದಲ್ಲಿ ಯಾವ ಕಲ್ಲು ಎಂದು ತಿಳಿಯುತ್ತದೆ. ಬೇರೆಯವರು ಇದನ್ನೆಲ್ಲ ಕಂಪ್ಯೂಟರಿನಲ್ಲೇ ನೋಡಿ ಮುಗಿಸುತ್ತಾರೆ. ಕಲ್ಲಕ್ಕ ಮಾತ್ರ ಒಂದೊಂದು ಗೆರೆಯನ್ನೂ ಬಣ್ಣದ ಪೆನ್ಸಿಲಿನಲ್ಲಿ ಟ್ರೇಸಿಂಗ್ ಪೇಪರಿಗೆ ಇಳಿಸಿ, ಕಿಟಕಿಯ ಗಾಜಿಗೆ ಒಂದರ ಮೇಲೊಂದು ಹಿಡಿದು ನೋಡುತ್ತಾಳೆ. ಕಿಟಕಿ ಒರೆಸುವುದಕ್ಕೂ ಸಂಬಳ ಕೊಡುತ್ತಾರಲ್ಲ ನಿನಗೆ ಎಂದು ನಾನು ಕಾಲೆಳೆಯುವುದುಂಟು.

ಅವಳಿಗೆ ಇನ್ನೊಂದು ಅಭ್ಯಾಸವಿದೆ. ತಾನು ಆಕ್ಷೇಪಣೆ ಬರೆದು ಕಳಿಸಿದ ಅರ್ಜಿಗೆ ಆರು ತಿಂಗಳ ಗಡುವು ಮುಗಿಯುತ್ತ ಬಂದರೂ ಉತ್ತರ ಬರದಿದ್ದರೆ, ಆ ಫೈಲನ್ನು ಕೆಳಗಿಳಿಸಿ ತನ್ನ ಬರಹವನ್ನು ತಾನೇ ಮತ್ತೆ ಓದುತ್ತಾಳೆ. ಯಾರೂ ಹೇಳಿದ ಕೆಲಸವಲ್ಲ ಇದು. ಆ ಸೋಮವಾರ ಹಾಗೆ ಓದುತ್ತ ಕೂತವಳು ಮಧ್ಯಾಹ್ನ ನನ್ನ ಕೌಂಟರಿನ ಮುಂದೆ ಬಂದು ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಬಾವಿಯವರ ಉತ್ತರ ಬಂತೇನೇ?"

ಬಾವಿಯವರು ಅಂದರೆ ಒಬ್ಬ ಅರ್ಜಿದಾರ. ಬೇರೆಯವರ ಬಾವಿಗಳಿಗೆ ಉಪಕರಣ ಇಳಿಸಿ ಅಳೆದುಕೊಡುವುದೇ ಆತನ ಕಸುಬು. ವಕೀಲರ ಗೊಡವೆಗೆ ಹೋಗದೆ ಅರ್ಜಿಯನ್ನು ಕೈಯಾರೆ ಬರೆದು ಹಾಕಿದ್ದ.

"ಬಂದಿಲ್ಲ. ಯಾಕಕ್ಕಾ, ಏನಾಯ್ತು?"

"ನಾನು ತಪ್ಪು ಓದಿದೀನಿ ಕಣೇ."

ಸ್ಟೂಲು ಎಳೆದುಕೊಂಡು ಕೂತು ಬಿಡಿಸಿ ಹೇಳಿದಳು. ಮೂರು ಕಣ್ಣುಗಳೂ ಸಲಾಕೆಯ ಒಂದೇ ಕಡೆ ಇರುವುದಿಲ್ಲ, ಒಂದರ ಮೇಲೊಂದು ಮೊಳದಷ್ಟು ದೂರದಲ್ಲಿ ಇರುತ್ತವೆ. ಒಂದು ಕಣ್ಣು ಕಂಡ ಕಲ್ಲನ್ನು ಇನ್ನೊಂದು ಆಮೇಲೆ ಕಾಣುತ್ತದೆ. ಸರಾಗವಾಗಿ ಎಳೆದರೆ ಲೆಕ್ಕ ಸುಲಭ. ಆದರೆ ಇಕ್ಕಟ್ಟಿನ ಬಾವಿಯಲ್ಲಿ ಸಲಾಕೆ ಸಿಕ್ಕಿಹಾಕಿಕೊಳ್ಳುತ್ತದೆ, ತಂತಿ ಜಗ್ಗುತ್ತದೆ, ಆಮೇಲೆ ಒಮ್ಮೆಲೇ ಚಿಮ್ಮುತ್ತದೆ. ಆಗ ಮೂರು ಗೆರೆಗಳು ಮೂರು ಬೇರೆ ಕಲ್ಲುಗಳ ಸುದ್ದಿ ಹೇಳುತ್ತವೆ, ತೆಳುವಾದ ಪದರಗಳು ಕಾಣೆಯಾಗುತ್ತವೆ. ಬಾವಿಯವನು ತಂತಿಯ ಪ್ರತಿ ಜಗ್ಗನ್ನೂ ಅಳೆದು, ಯಾವ ಕ್ಷಣಕ್ಕೆ ಯಾವ ಕಣ್ಣು ಎಲ್ಲಿತ್ತು ಎಂದು ಲೆಕ್ಕ ಹಾಕಿ, ಗೆರೆಗಳನ್ನು ಸರಿಗೂಡಿಸಿದ ಮೇಲೆ ಕಲ್ಲು ಗುರುತಿಸುತ್ತಾನೆ. ಗೆರೆಗಳನ್ನು ಸರಿಗೂಡಿಸಿದ ಹಳೆಯ ಲೇಖನವೊಂದನ್ನು ಹುಡುಕಿ ತೆಗೆದ ಕಲ್ಲಕ್ಕ, ಇದರಲ್ಲಿ ಹೊಸದೇನೂ ಇಲ್ಲ ಎಂದು ಬರೆದು ಕಳಿಸಿಬಿಟ್ಟಿದ್ದಳು.

"ಆ ಲೇಖನದವ್ರು ಲೆಕ್ಕ ಏನೂ ಹಾಕಿಲ್ಲ. ಕಣ್ಣಂದಾಜಿನಲ್ಲಿ ಹೊಂದಿಸಿದ್ದೀವಿ, ತೆಳು ಪದರ ಬಿಟ್ಟಿದ್ದೀವಿ ಅಂತ ಪುಟದ ಕೊನೇಲಿ ಒಂದು ಸಾಲಿದೆ. ಇವತ್ತು ಇಬ್ಬರ ಗೆರೆಗಳನ್ನೂ ಗಾಜಿಗೆ ಹಿಡಿದಾಗ ಗೊತ್ತಾಯ್ತು. ಅವತ್ತು ನನ್ನ ಕಣ್ಣು ಎಲ್ಲಿತ್ತೋ!"

"ಸರಿ, ಫೋನ್ ಮಾಡಿ ಹೇಳಿಬಿಡು."

"ಹೇಳೋ ಹಾಗಿದ್ರೆ ಇಲ್ಲಿ ಯಾಕೆ ಬರ್ತಿದ್ದೆ? ಉತ್ತರ ಬರೋ ತನಕ ನಾನು ಅವ್ರ ಹತ್ರ ಮಾತಾಡೋ ಹಾಗೂ ಇಲ್ಲ, ಆಕ್ಷೇಪಣೆ ವಾಪಸ್ ತಗೊಳ್ಳೋ ಹಾಗೂ ಇಲ್ಲ. ಶುಕ್ರವಾರ ಐದು ಗಂಟೆ ಒಳಗೆ ಬರ್ಲಿಲ್ವೋ, ಅರ್ಜಿ ಅಲ್ಲಿಗೆ ಸತ್ತ ಹಾಗೆ. ಹೊಸದಾಗಿ ಹಾಕೋಣ ಅಂದ್ರೆ ಈ ಅರ್ಜಿ ಆಗ್ಲೇ ಪ್ರಕಟ ಆಗಿದೆ. ಪ್ರಕಟ ಆದದ್ದು ಹೊಸದಲ್ಲ ಅಂತ ಅವ್ರದ್ದೇ ಅವ್ರಿಗೆ ಅಡ್ಡ ಬರುತ್ತೆ."

ಮೇಲಧಿಕಾರಿಯ ಹತ್ತಿರವೂ ಹೋಗಿ ತನ್ನ ತಪ್ಪು ಹೇಳಿಕೊಂಡಳು. ಆತ ಕನ್ನಡಕ ತೆಗೆದು ಒರೆಸಿ, ನಿಯಮ ಅಂದ್ರೆ ನಿಯಮ ಎಂದು ಮತ್ತೆ ಹಾಕಿಕೊಂಡನಂತೆ. ಮಂಗಳವಾರದಿಂದ ಅವಳದು ಒಂದೇ ಕೆಲಸ, ಮೆಟ್ಟಿಲಿಳಿದು ಬರುವುದು, ಬಂತಾ ಎನ್ನುವುದು, ಹೋಗುವುದು. ಗುರುವಾರ ಬೆಳಿಗ್ಗೆ ಅವಳ ಗಂಡ ನನಗೆ ಫೋನ್ ಮಾಡಿದರು. ಗಡಿಯಾರ ರಿಪೇರಿ ಮಾಡುವವರು, ಮಾತು ಕಮ್ಮಿ. "ನಿಮ್ಮಕ್ಕ ಮೂರು ದಿನದಿಂದ ತಟ್ಟೆ ಮುಂದೆ ಸುಮ್ನೆ ಕೂತಿರ್ತಾಳಮ್ಮ. ಸ್ವಲ್ಪ ನೋಡ್ಕೊಳ್ಳಿ" ಎಂದರು. ಊಟದ ಹೊತ್ತಿಗೆ ಹೋಗಿ ನೋಡಿದರೆ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಶುಕ್ರವಾರ ಮೂರು ಗಂಟೆಗೆ ಕೊನೆಯ ಟಪಾಲು ಬಂತು. ಅದರಲ್ಲೂ ಇಲ್ಲ. ಕಲ್ಲಕ್ಕ ಎಲ್ಲ ಲಕೋಟೆಗಳನ್ನೂ ಮತ್ತೊಮ್ಮೆ ತಿರುವಿ ಹಾಕುತ್ತಿದ್ದರೆ ನನಗೆ ರೇಗಿಹೋಯಿತು.

"ಬಂದಿದ್ರೆ ನಾನೇನು ಸೆರಗಲ್ಲಿ ಕಟ್ಕೊಂಡಿರ್ತೀನಾ?"

ಅವಳು ಸಿಟ್ಟಾಗಲಿಲ್ಲ. "ಪಾಪ ಕಣೇ. ಬಾವಿಯಿಂದ ತೆಗೆದ ಕಲ್ಲಿನ ಚೂರುಗಳನ್ನ ಪೊಟ್ಟಣ ಕಟ್ಟಿ ಇಟ್ಟಿದೀನಿ, ಕೇಳಿದ್ರೆ ಕಳಿಸ್ತೀನಿ ಅಂತ ಅರ್ಜೀಲೇ ಬರೆದಿದ್ರು" ಎಂದಳು.

ನನಗೆ ತಟ್ಟನೆ ನೆನಪಾಯಿತು. ಮೂರು ವಾರದ ಹಿಂದೆ ಒಂದು ಪೆಟ್ಟಿಗೆ ಬಂದಿತ್ತು. ಎತ್ತಲು ಇಬ್ಬರು ಬೇಕಾಗಿತ್ತು, ಇದರೊಳಗೆ ಕಲ್ಲು ತುಂಬಿದ್ದಾರೇನೋ ಎಂದು ನಾನೇ ಬೈದಿದ್ದೆ. ಕಾಗದವಾದರೆ ಪರೀಕ್ಷಕರಿಗೆ, ಪೆಟ್ಟಿಗೆಯಾದರೆ ನೆಲಮಾಳಿಗೆಯ ಮಾದರಿ ಕೋಣೆಗೆ. ನಮ್ಮಲ್ಲಿ ಅದು ಪದ್ಧತಿ. ಮುಚ್ಚಳದ ಮೇಲೆ ಮೊಹರು ಒತ್ತಿ, ಕಳಿಸಿದವರ ಹೆಸರೂ ನೋಡದೆ, ಬಿಚ್ಚದೆ ಕೆಳಗೆ ಕಳಿಸಿದ್ದೆ.

"ಅಕ್ಕಾ, ಬಾ" ಎಂದು ಅವಳ ಕೈ ಹಿಡಿದು ಓಡಿದೆ. ಮಾದರಿ ಕೋಣೆಯಲ್ಲಿ ಮುರಿದ ನೀರಿನ ಪಂಪು, ಮೂರು ಚಕ್ರದ ಒಂದು ವಿಚಿತ್ರ ಸೈಕಲ್ಲು, ಏನೇನೋ. ಪಂಪಿನ ಹಿಂದೆ ಪೆಟ್ಟಿಗೆ ಸಿಕ್ಕಿತು. ಕತ್ತರಿಯಿಂದ ಹಗ್ಗ ಕತ್ತರಿಸಿ ತೆಗೆದರೆ ಸಾಲು ಸಾಲಾಗಿ ಪೊಟ್ಟಣಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದ ಆಳ. ನಾಲ್ಕು ಮೀಟರು, ಒಂಬತ್ತು ಮೀಟರು, ಹದಿನೇಳು. ಮಹಾರಾಯ ನೆಲದಲ್ಲಿದ್ದ ಕ್ರಮದಲ್ಲೇ ಜೋಡಿಸಿದ್ದ, ಮೇಲಿನ ಕಲ್ಲು ಮೇಲೆ, ಆಳದ ಕಲ್ಲು ಕೆಳಗೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಇಟ್ಟ ಕಾಗದ ಎಲ್ಲಕ್ಕಿಂತ ಅಡಿಯಲ್ಲಿತ್ತು. ಪ್ಲಾಸ್ಟಿಕ್ ಚೀಲದೊಳಗೆ ಹನ್ನೊಂದು ಪುಟ, ಕೊನೆಯಲ್ಲಿ ಸಹಿ. ಮುಚ್ಚಳದ ಮೇಲೆ ನನ್ನದೇ ಮೊಹರು, ಮೂರು ವಾರದ ಹಿಂದಿನ ತಾರೀಖು. ಉತ್ತರ ಗಡುವಿನೊಳಗೇ ಬಂದಿತ್ತು!

ಹೋದ ಜೀವ ಬಂದಂತಾಯಿತು. ಕಲ್ಲಕ್ಕ ಪಂಪಿನ ಮೇಲೆ ಕುಸಿದು ಕೂತು ನಗತೊಡಗಿದಳು, ನಗುತ್ತಲೇ ಆರು ಸಲ ಸೀನಿದಳು.

"ಬಿಚ್ಚಿ ನೋಡದೆ ಕಳಿಸಿದ್ದು ನಾನು ಅಕ್ಕಾ. ತಪ್ಪಾಯ್ತು."

"ನಿನಗೆ ಆಮೇಲೆ ಬೈತೀನಿ. ಮೊದ್ಲು ಮೇಲೆ ನಡಿ."

ನಾಲ್ಕೂವರೆಯೊಳಗೆ ಹನ್ನೊಂದು ಪುಟ ಓದಿ, ಫೈಲಿನಲ್ಲಿ ಟಿಪ್ಪಣಿ ಬರೆದಳು: ಪರೀಕ್ಷಕರ ಹಿಂದಿನ ಆಕ್ಷೇಪಣೆ ತಪ್ಪು ಓದಿನಿಂದ ಆದದ್ದು, ಅದನ್ನು ಹಿಂತೆಗೆದುಕೊಳ್ಳಲಾಗಿದೆ. ಮರುಪರಿಶೀಲನೆಯ ಬಳಿಕ ಎಂದು ಬರೆದರೆ ಸಾಲದೇ, ಮೈಮೇಲೆ ಯಾಕೆ ಎಳೆದುಕೊಳ್ಳುತ್ತೀ ಎಂದೆ. ಕೇಳಲಿಲ್ಲ. ಪೇಟೆಂಟ್ ಕೈಗೆ ಬರಲು ಇನ್ನೂ ಒಂದೆರಡು ಹಂತಗಳಿವೆ, ಆದರೆ ಅಡ್ಡ ಬಿದ್ದಿದ್ದ ದೊಡ್ಡ ಬಂಡೆ ಸರಿದಿತ್ತು. ಈಗ ಉತ್ತರ ಬಂದಿದ್ದರಿಂದ ಮಾತಾಡಬಹುದಿತ್ತು. ಫೋನಿನ ಸ್ಪೀಕರ್ ಹಾಕಿ ನಂಬರು ಒತ್ತಿದಳು.

"ಪೇಟೆಂಟ್ ಕಚೇರಿಯಿಂದ ಮಾತಾಡ್ತಿರೋದು. ನಿಮ್ಮ ಉತ್ತರ ನೋಡಿದೆ. ನಿಮ್ಮ ವಿಧಾನ ಹಳೇ ಲೇಖನದಲ್ಲಿ ಇಲ್ಲ. ತಪ್ಪು ಓದಿದ್ದು ನಾನು. ಆಕ್ಷೇಪಣೆ ವಾಪಸ್ ತಗೊಂಡಿದೀನಿ."

ಆ ಕಡೆಯಿಂದ ಗಂಡಸಿನ ಧ್ವನಿ, ನಿಧಾನವಾಗಿ.

"ಮೇಡಂ, ನಿಮ್ಮ ಕಾಗದ ಬಂದಾಗಿನಿಂದ ನಾನು ಬಾವಿ ಕೆಲಸಕ್ಕೆ ಹೋಗೋದೇ ಬಿಟ್ಟಿದ್ದೆ. ಇಷ್ಟು ವರ್ಷ ನೋಡಿದ್ದೆಲ್ಲ ನನ್ನ ಭ್ರಮೆ ಇರ್ಬೇಕು ಅಂದ್ಕೊಂಡೆ. ಉತ್ತರಾನೂ ನನ್ನ ಹೆಂಡ್ತಿ ಹಟ ಮಾಡಿ ಕೂರಿಸಿ ಬರೆಸಿದ್ದು. ಒಂದು ನಿಮಿಷ... ಇಡಬೇಡಿ, ಹಾಗೇ ಇರಿ."

ಚಪ್ಪಲಿಯ ಸದ್ದು ದೂರವಾಯಿತು. ಬಾಗಿಲು ದಡ್ ಎಂದಿತು. ಆಮೇಲೆ ಮನೆಯ ಯಾವುದೋ ಮೂಲೆಯಿಂದ ಕೂಗು: "ಲೇ, ನಂದು ಸರಿ ಇತ್ತಂತೆ! ಕೇಳಿಸ್ತೇನೇ? ನಂದು ಸರಿ ಇತ್ತಂತೆ ಕಣೇ!"

ಐದು ಗಂಟೆಯಾಗಿತ್ತು. ಪಕ್ಕದ ಕೋಣೆಯವರು ಬೀಗ ಹಾಕಿಕೊಂಡು ಹೊರಟರು. ಕಲ್ಲಕ್ಕ ಕಣ್ಣೊರೆಸಿಕೊಂಡು, ಆತ ವಾಪಸು ಬರುವವರೆಗೂ ಫೋನ್ ಹಿಡಿದೇ ಕೂತಿದ್ದಳು.