ಎಂಜಲು ಕಣ್ಣು

ಆ ಎರಡು ವರ್ಷ ನೆಂಟರ ಪೈಕಿ ಸಾವಿನ ಮನೆಗಳಲ್ಲಿ ನನಗೆ ಬಹಳ ಒಳ್ಳೆಯ ಹೆಸರಿತ್ತು. ತೀರಿಕೊಂಡವರು ಎಷ್ಟೇ ದೂರದ ಸಂಬಂಧವಾಗಲಿ, ಹದಿನೈದು ನಿಮಿಷಕ್ಕೊಮ್ಮೆ ಕೆನ್ನೆ ಮೇಲೆ ನೀರಿಳಿಸುವ ಸೊಸೆ ಅಂದರೆ ಸುಮ್ಮನೆಯೇ? ನಿಜ ಹೇಳಬೇಕೆಂದರೆ ನನ್ನ ಕಣ್ಣಲ್ಲಿ ಆಗ ಒಂದು ತೊಟ್ಟು ಕಣ್ಣೀರೂ ಇರಲಿಲ್ಲ. ಗೋಡೆಯ ಮರೆಗೆ ಹೋಗಿ ಡ್ರಾಪ್ಸ್ ಹಾಕಿಕೊಂಡು ಬರುತ್ತಿದ್ದೆ. ಹೆಚ್ಚಾದದ್ದು ಕೆನ್ನೆಗೆ ಇಳಿಯುತ್ತಿತ್ತು, ಹೆಂಗಸರು ನನ್ನ ಬೆನ್ನು ಸವರುತ್ತಿದ್ದರು.

ಜ್ವರಕ್ಕೆಂದು ನುಂಗಿದ ಒಂದು ಮಾತ್ರೆ ನನ್ನ ಮೈಗೆ ಆಗಿಬರಲಿಲ್ಲ. ಮೈಯೆಲ್ಲ ಬೊಬ್ಬೆ ಎದ್ದು, ಸಿಪ್ಪೆ ಸುಲಿದು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ ಬದುಕಿ ಬಂದೆ. ಚರ್ಮ ವಾಪಸು ಬಂತು, ಕಣ್ಣೀರು ಬರಲಿಲ್ಲ. ಎಡಗಣ್ಣು ಮಂಜಾಗಿಯೇ ಹೋಯಿತು. ಬಲಗಣ್ಣು ರೆಪ್ಪೆ ಬಡಿದಾಗಲೆಲ್ಲ ಮರಳು ಹಾಕಿ ಉಜ್ಜಿದಂತಾಗುತ್ತಿತ್ತು. ನನ್ನ ಕೆಲಸವೋ, ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಟೇಬಲ್. ಹೊಲಿಗೆ ಬಿಟ್ಟಿದೆಯೇ, ದಾರ ನೇತಾಡುತ್ತಿದೆಯೇ ಎಂದು ದಿನವಿಡೀ ನೋಡುವುದು. ನಾನು ಪಾಸು ಮಾಡಿ ಕಳಿಸಿದ ಅಂಗಿಯೊಂದಕ್ಕೆ ತೋಳಿನ ಹೊಲಿಗೆಯೇ ಅರ್ಧ ಇಲ್ಲ ಎಂದು ಗೊತ್ತಾದ ದಿನ ಸೂಪರ್‌ವೈಸರ್ ನನ್ನನ್ನು ಪ್ಯಾಕಿಂಗಿಗೆ ಹಾಕಿದ. ಅವನಿಗೆ ಬಾಯಿಗೆ ಬಂದಂತೆ ಬೈದು, ಅಳುವುದಕ್ಕೆಂದು ಬಾತ್‌ರೂಮಿಗೆ ಹೋದೆ. ಬಾಗಿಲು ಹಾಕಿಕೊಂಡ ಮೇಲೆ ನೆನಪಾಯಿತು, ಅದಕ್ಕೂ ಡ್ರಾಪ್ಸ್ ಬೇಕು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಕೊನೆಗೊಂದು ದಿನ ನನ್ನ ಕೆಳತುಟಿಯನ್ನು ಮಗುಚಿ ಟಾರ್ಚು ಬಿಟ್ಟು ನೋಡಿದರು. ಕಣ್ಣಿಗೆಂದು ಬಂದರೆ ಇವರೇಕೆ ಬಾಯಿ ನೋಡುತ್ತಿದ್ದಾರೆ ಎಂದು ಜೊತೆಗೆ ಬಂದಿದ್ದ ಅತ್ತೆಗೆ ಅನುಮಾನ.

"ಇಲ್ಲಿ ಒಳಗಡೆ ಚಿಕ್ಕ ಚಿಕ್ಕ ಜೊಲ್ಲಿನ ಗ್ರಂಥಿ ಇರ್ತವೆ," ಎಂದರು ಡಾಕ್ಟರಮ್ಮ. "ಒಂದಷ್ಟು ತೆಗೆದು ನಿಮ್ ಬಲಗಣ್ಣಿನ ರೆಪ್ಪೆ ಒಳಗೆ ಕೂರಿಸ್ತೀವಿ. ಹಿಡ್ಕೊಂಡ್ರೆ ಅದೇ ಕಣ್ಣನ್ನ ಒದ್ದೆಯಾಗಿ ಇಡುತ್ತೆ. ಕೆಲವ್ರಿಗೆ ಊಟದ ಟೈಮಲ್ಲಿ ಜಾಸ್ತಿನೇ ಬರುತ್ತೆ. ಆದ್ರೆ ಗ್ಯಾರಂಟಿ ಕೊಡಕ್ಕಾಗಲ್ಲಮ್ಮ. ಹಿಡೀಲಿಲ್ಲ ಅಂದ್ರೆ ಈ ಕಣ್ಣೂ ಉಳಿಯೋದು ಕಷ್ಟ."

ವಾಪಸು ಬರುವಾಗ ಬಸ್ಸು ಬೊಮ್ಮನಹಳ್ಳಿ ದಾಟುತ್ತಿದ್ದಂತೆ ಅತ್ತೆ ಬಸ್ಸಿಗೆಲ್ಲ ಕೇಳುವ ಹಾಗೆ, "ಅಂಗಾದ್ರೆ ನಿನ್ ಕಣ್ಣಾಗೆ ಬರೋದು ಎಂಜ್ಲು ತಾನೆ?" ಎಂದರು.

ನಗಬೇಡಿ. ನಮ್ಮದು ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗಿರುವ ಹಳ್ಳಿ. ಸುತ್ತ ಗಾಜಿನ ಕಟ್ಟಡಗಳು ಎದ್ದು ನಿಂತರೂ ನಮ್ಮ ಅಡುಗೆಮನೆಯಲ್ಲಿ ಅತ್ತೆಯದೇ ಕಾನೂನು. ಲೋಟ ತುಟಿಗೆ ತಾಗಿಸುವಂತಿಲ್ಲ, ರುಚಿ ನೋಡಿದ ಸೌಟು ಪಾತ್ರೆಗೆ ಮರಳುವಂತಿಲ್ಲ, ಎಂಜಲು ಕೈ ಉಪ್ಪಿನಕಾಯಿ ಜಾಡಿಯ ಹತ್ತಿರವೂ ಸುಳಿಯುವಂತಿಲ್ಲ. ಅಂಥ ಮನೆಯಲ್ಲಿ ಸೊಸೆಯ ಕಣ್ಣೇ ಎಂಜಲಾದರೆ ಗತಿಯೇನು? ಆ ಕಣ್ಣಲ್ಲಿ ದೇವರನ್ನು ನೋಡಬಹುದೇ? ಅತ್ತೆ ಸೀದಾ ಊರಿನ ಗುಡಿಯ ಪೂಜಾರಿಯ ಹತ್ತಿರ ಹೋಗಿ ಕೇಳಿಕೊಂಡು ಬಂದರು. ಆತ ಬಹಳ ಹೊತ್ತು ಯೋಚನೆ ಮಾಡಿ, "ಕಣ್ಣೊಳಗೆ ಇರೋಗಂಟ ದೋಷ ಇಲ್ಲ ಕಣಮ್ಮ. ಕೆಳಗೆ ಬಿದ್ರೆ ಎಂಜ್ಲು," ಎಂದು ತೀರ್ಪು ಕೊಟ್ಟನಂತೆ. ಆಪರೇಷನ್ನಿಗೆ ಹೀಗೆ ಒಪ್ಪಿಗೆ ಸಿಕ್ಕಿತು.

ತುಟಿ ಊದಿಕೊಂಡು ವಾರಗಟ್ಟಲೆ ಗಂಜಿ ಕುಡಿದೆ. ಕಣ್ಣಿನ ಪಟ್ಟಿ ಬಿಚ್ಚಿದರು. ನೀರು ಬಂದರೆ ಹಿಡಿದಿದೆ ಎಂದೇ ಲೆಕ್ಕ, ಕಾಯಬೇಕು ಎಂದರು. ಒಂದು ತಿಂಗಳು ಕಾದೆ, ಎರಡು ತಿಂಗಳು ಕಾದೆ. ಬೋರ್‌ವೆಲ್ ಕೊರೆಸಿದವರನ್ನು ಕೇಳುವ ಹಾಗೆ ಬೀದಿಯವರೆಲ್ಲ "ನೀರು ಬಂತಾ ಅಕ್ಕ?" ಎಂದು ಕೇಳಿ ಕೇಳಿ ನನ್ನ ತಲೆ ತಿಂದರು. ಅತ್ತೆ ಮಾತ್ರ ಕೇಳಲಿಲ್ಲ. ನನ್ನ ಟವೆಲನ್ನು ಬೇರೆ ಮೊಳೆಗೆ ನೇತುಹಾಕಿ, ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೇರಿಸಿ, ತಯಾರಾಗಿ ಕೂತಿದ್ದರು. ನನಗೆ ಅವರ ಮೇಲೆ ಮೈ ಉರಿಯುತ್ತಿತ್ತು. ನನ್ನ ಕಣ್ಣು ಹೋಗುತ್ತದೆಂದು ನಾನು ಹೆದರಿ ಸಾಯುತ್ತಿದ್ದರೆ ಇವರಿಗೆ ಜಾಡಿಯ ಚಿಂತೆ.

ಮೂರನೇ ತಿಂಗಳಿಗೆ ಹಿರಿಯರ ಹಬ್ಬ ಬಂತು. ತೀರಿಕೊಂಡ ಮಾವನ ಫೋಟೋದ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ ಎಡೆ ಇಡಬೇಕು. ಎಡೆಗೆ ಮುಂಚೆ ಯಾರೂ ನಾಲಿಗೆಗೆ ತಾಗಿಸುವಂತಿಲ್ಲ. ಉಪ್ಪು, ಖಾರ ಎಲ್ಲ ಅಂದಾಜಿನ ಮೇಲೆ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲೇ ಕಾವಲು ಕೂತಿದ್ದರು. ನಾನು ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮೆಣಸು ಹುರಿದು ಕುರಿ ಲಿವರ್ ಹಾಕಿದೆ. ಆ ಘಮ ಮೂಗಿಗೆ ಬಡಿದದ್ದೇ ಬಾಯಲ್ಲಿ ನೀರೂರಿತು. ಅದರ ಹಿಂದೆಯೇ ಬಲಗಣ್ಣಿನಲ್ಲಿ ತಣ್ಣಗೆ ಏನೋ ಓಡಾಡಿ, ಮೂಗಿನ ಪಕ್ಕದಿಂದ ಕೆಳಗಿಳಿಯಿತು.

ಬೆವರು ಎಂದುಕೊಂಡು ಒರೆಸಿದೆ. ಮತ್ತೆ ಬಂತು. ರೆಪ್ಪೆ ಬಡಿದೆ, ಮರಳಿನ ಉಜ್ಜಾಟ ಇಲ್ಲ. ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆ ಸ್ಪಷ್ಟವಾಗಿ ಕಂಡಿತು. ಕೂಗಿಬಿಡಬೇಕು ಅನ್ನುವಷ್ಟು ಖುಷಿ. ಕೂಗಲು ಭಯ. ಮೊದಲ ಹನಿ ಬಾಣಲೆಗೆ ಬಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಏನೇ ಅದು ಕೆನ್ನೆ ಮ್ಯಾಲೆ?" ಎಂದರು ಅತ್ತೆ.

"ಡ್ರಾಪ್ಸ್ ಅತ್ತೆ."

"ಡ್ರಾಪ್ಸ್ ಬಾಟ್ಲಿ ಟಿವಿ ಮ್ಯಾಲೈತೆ."

ಅವರು ಮೊಣಕಾಲು ಹಿಡಿದುಕೊಂಡು ಎದ್ದು ಬಂದರು. ಬಾಣಲೆಯನ್ನು ಹಿತ್ತಿಲಿಗೆ ಸುರಿಯುತ್ತಾರೆ, ಇನ್ನು ಮೊದಲಿಂದ ಬೇಯಿಸಬೇಕು ಎಂದುಕೊಂಡೆ. ಅತ್ತೆ ಲಿವರಿನ ಒಂದು ತುಂಡನ್ನು ಬೆರಳಲ್ಲೇ ಎತ್ತಿ, ಉಫ್ ಉಫ್ ಎಂದು ಊದಿ, ನನ್ನ ಬಾಯಿಗಿಟ್ಟರು.

"ತಿನ್ನು."

"ಅತ್ತೆ, ಎಡೆ ಇನ್ನೂ…"

"ನಿಮ್ ಮಾವ ಕಾಯ್ತಾರೆ ಬಿಡು. ಈಗೇನ್ ಅವ್ರು ಶಿಫ್ಟಿಗೆ ಓಗ್ಬೇಕಾ? ಅಗಿ. ಬರ್ಲಿ, ಇನ್ನೂ ಬರ್ಲಿ."

ನಾನು ಅಗಿದೆ, ಕಣ್ಣು ತುಂಬಿ ಹರಿಯಿತು. ಅತ್ತೆ ನನ್ನ ಗಲ್ಲ ಹಿಡಿದುಕೊಂಡು ಹನಿ ಹನಿಯನ್ನೂ ನೋಡುತ್ತಾ ನಿಂತರು. ನೀರು ಅವರ ಕೈ ಮೇಲೆಯೇ ಇಳಿಯುತ್ತಿತ್ತು. ಅವರು ಕೈ ತೆಗೆಯಲಿಲ್ಲ. ಅವರ ಮುಖ ನೋಡಿ ನನಗೆ ನಿಜವಾಗಿಯೂ ಅಳು ಬಂತು. ಇಷ್ಟು ದಿನ ನನಗಿಂತ ಹೆಚ್ಚು ಹೆದರಿದ್ದವರು ಅವರೇ.

"ಉಪ್ಪು ಸಾಲದು ಅತ್ತೆ," ಎಂದೆ.

ಅವರು ಉಪ್ಪಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಆ ವರ್ಷ ನಮ್ಮ ಹಿರಿಯರು ಉಪ್ಪು ಸರಿಯಾಗಿದ್ದ ಊಟ ಮಾಡಿದರು.